ಗುಮ್ಮಟ ತಿರುಗದ ಎಂಟು ದಿನ

ನಕ್ಷತ್ರಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂಬ ಕಾರಣಕ್ಕೇ ನನಗೆ ಆ ಕೆಲಸ ಸಿಕ್ಕಿತೆಂದು ಈಗಲೂ ನಂಬಿದ್ದೇನೆ. ಸಂದರ್ಶನಕ್ಕೆ ಕೂತಿದ್ದ ಮೂವರಲ್ಲಿ ಒಬ್ಬರು, "ಆಕಾಶ ನೋಡುವ ಹವ್ಯಾಸ ಉಂಟೇ?" ಎಂದು ಕೇಳಿದರು.

"ನೋಡ್ತೀನ್ರಿ," ಎಂದೆ. "ಮಾಳಿಗಿ ಮ್ಯಾಲ ಮೆಣಸಿನಕಾಯಿ ಒಣಗಾಕ ಹಾಕಿದಾಗ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಬೇಕಾಗಿದ್ದು ಅದೇ. ಹಿಂದಿನ ಇಬ್ಬರು ವ್ಯವಸ್ಥಾಪಕರು ಬಾಹ್ಯಾಕಾಶ ಪ್ರೇಮಿಗಳಾಗಿದ್ದರಂತೆ. ದೂರದರ್ಶಕಕ್ಕೆ ಕಣ್ಣು ಹಚ್ಚಿ ನಿಂತರೆ ನೀರಿನ ಮೋಟಾರು ಬಂದ್ ಮಾಡುವುದೇ ಮರೆಯುತ್ತಿದ್ದರಂತೆ. ನಾನು ಶಹಾಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಹದಿನೆಂಟು ವರ್ಷ ವಾರ್ಡನ್ ಆಗಿದ್ದವಳು. ನೀರು, ಊಟ, ಕರೆಂಟು, ಬೀಗದ ಕೈ, ಸುಳ್ಳು ಹೇಳುವವರ ಮುಖ, ಈ ಐದು ವಿಷಯಗಳಲ್ಲಿ ನನ್ನನ್ನು ಯಾರೂ ಸೋಲಿಸುವಂತಿರಲಿಲ್ಲ.

ವೀಕ್ಷಣಾಲಯ ಇದ್ದದ್ದು ಶಹಾಪುರಕ್ಕೂ ಸುರಪುರಕ್ಕೂ ನಡುವಿನ ಒಂದು ಕಲ್ಲುಗುಡ್ಡದ ಮೇಲೆ. ಹೆಸರು ಕೇಳಿದರೆ ದೊಡ್ಡದೆನಿಸುತ್ತದೆ. ಹೋಗಿ ನೋಡಿದರೆ ಒಂದು ಬಿಳಿ ಗುಮ್ಮಟ, ನಾಲ್ಕು ಕೋಣೆ, ಒಂದು ಅಡುಗೆಮನೆ, ಲೆಕ್ಕವಿಲ್ಲದಷ್ಟು ಮಂಗಗಳು. ಅಲ್ಲಿನ ಹಿರಿಯ ವಿಜ್ಞಾನಿ ಮೈಸೂರು ಕಡೆಯವರು. ಮೆತ್ತಗಿನ ಮಾತು, ದಪ್ಪ ಕನ್ನಡಕ. ಅವರ ಕೈಕೆಳಗೆ ಗುರುಮಠಕಲ್‌ನ ಒಬ್ಬ ಹುಡುಗಿ ಸಂಶೋಧನೆ ಮಾಡುತ್ತಿದ್ದಳು. ಗುಡ್ಡದ ಕೆಳಗಿನ ಹಳ್ಳಿಯವನೊಬ್ಬ ಕಾವಲುಗಾರ. ಕುರಿ ಕಾಯುವ ಮನೆತನದವನು, ಮಾತು ಕಮ್ಮಿ. ಅವನ ಹೆಂಡತಿ ಅಡುಗೆಯಾಕೆ. ಇವಳ ಮಾತು ಕಮ್ಮಿಯಲ್ಲ. ಇಷ್ಟೇ ನಮ್ಮ ಸಂಸಾರ.

ಬಂದ ವಾರದಲ್ಲೇ ನಾನು ಗೋಡೆಗೆ ನಿಯಮಗಳ ಹಾಳೆ ಅಂಟಿಸಿದೆ. ಊಟದ ಕರೆ ಬಂದರೆ ಹತ್ತು ನಿಮಿಷದಲ್ಲಿ ಬರಬೇಕು. ತಿಂದ ತಾಟು ತೊಟ್ಟಿಯ ಹತ್ತಿರ ಇಡಬೇಕು. ಕೆಲಸದ ಕೋಣೆಗಳಲ್ಲಿ ಬಟ್ಟೆ ಒಣಹಾಕಬಾರದು. ಹಿರಿಯರು ಕನ್ನಡಕ ಹಣೆಗೇರಿಸಿ ಅದನ್ನು ಓದಿ, "ಇದೇನ್ರೀ ಮೇಡಂ, ಹಾಸ್ಟೆಲ್ಲೇ?" ಎಂದು ನಕ್ಕರು. ನಾನೂ ನಕ್ಕೆ. ಹಾಳೆಯನ್ನು ಮಾತ್ರ ತೆಗೆಯಲಿಲ್ಲ.

ಖಗೋಳ ವಿಜ್ಞಾನಿಗಳೆಂದರೆ ಧ್ಯಾನಸ್ಥ ಋಷಿಗಳೆಂದು ತಿಳಿದವರು ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಅಡುಗೆಮನೆಗೆ ಬರಬೇಕಿತ್ತು. ಕೂದಲು ಕೆದರಿಕೊಂಡು ಎದ್ದು ಬಂದು, "ಒಗ್ಗರಣೆ ಅವಲಕ್ಕಿ ಮುಗೀತೇ?" ಎಂದು ಕೇಳುವಾಗ ಆ ಧ್ವನಿಯಲ್ಲಿದ್ದ ದುಃಖವನ್ನು ನಾನು ಪರೀಕ್ಷೆಯಲ್ಲಿ ಫೇಲಾದ ಹುಡುಗಿಯರಲ್ಲೂ ಕಂಡಿರಲಿಲ್ಲ.

ಆ ಫೆಬ್ರುವರಿಯಲ್ಲಿ ಹಿರಿಯರು ಒಂದು ಸಂಗತಿಗಾಗಿ ಕಾಯುತ್ತಿದ್ದರು. ಆಕಾಶದಲ್ಲಿ ಅಲೆಯುವ ಒಂದು ಸಣ್ಣ ಬಂಡೆ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಆ ಹೊತ್ತಿಗೆ ನಕ್ಷತ್ರ ಎರಡು-ಮೂರು ಸೆಕೆಂಡು ಕಣ್ಮರೆಯಾಗುತ್ತದೆ. ಬಂಡೆಯ ನೆರಳು ನಮ್ಮ ಸೀಮೆಯ ಮೇಲೆ ಒಂದು ಪಟ್ಟಿಯಂತೆ ಹರಿದುಹೋಗುತ್ತದೆ; ಪಟ್ಟಿಯ ಒಳಗಿದ್ದವರಿಗಷ್ಟೇ ಅದು ಕಾಣುತ್ತದೆ. ಎಷ್ಟು ಹೊತ್ತು ಮರೆಯಾಯಿತು ಎಂದು ಅಳೆದರೆ ಬಂಡೆಯ ಗಾತ್ರ ತಿಳಿಯುತ್ತದೆ. ಇದೆಲ್ಲ ನಡೆಯುವುದು ಸಂಜೆ ಏಳೂ ನಲವತ್ತಕ್ಕೆ.

"ಮೂರು ಸೆಕೆಂಡಿನ ಸಲುವಾಗಿ ಇಷ್ಟೆಲ್ಲಾ?" ಎಂದು ಕೇಳಿದೆ.

"ಅದೇ ಬಂಡೆ ಇದೇ ನಕ್ಷತ್ರದ ಮುಂದೆ ಮತ್ತೆ ಬರೋ ಹೊತ್ತಿಗೆ ನಾವ್ಯಾರೂ ಇರಲ್ಲ ಮೇಡಂ," ಎಂದರು ಹಿರಿಯರು.

ಇನ್ನು ಎಂಟು ದಿನವಿದೆ ಎನ್ನುವಾಗ ಗುಮ್ಮಟ ನಿಂತುಬಿಟ್ಟಿತು.

ಗುಮ್ಮಟಕ್ಕೆ ಒಂದು ಕಡೆ ಉದ್ದನೆಯ ಸೀಳು ಇರುತ್ತದೆ. ದೂರದರ್ಶಕ ಆ ಸೀಳಿನಿಂದಲೇ ಹೊರಗೆ ನೋಡಬೇಕು. ಆದ್ದರಿಂದ ನಕ್ಷತ್ರ ಎಲ್ಲಿದೆಯೋ ಆ ದಿಕ್ಕಿಗೆ ಇಡೀ ಗುಮ್ಮಟ ಕಬ್ಬಿಣದ ಬಳೆಯೊಂದರ ಮೇಲೆ ತಿರುಗಬೇಕು. ತಿರುಗಿಸಲು ಒಂದು ಮೋಟಾರು, ಅದಕ್ಕೊಂದು ಗುಂಡಿ. ಕಾವಲುಗಾರ ವಾರಕ್ಕೊಮ್ಮೆ ಒಳಗೆ ಕಸ ಗುಡಿಸುವಾಗ ಗುಂಡಿ ಒತ್ತಿ ಗುಮ್ಮಟವನ್ನು ಅಷ್ಟು ತಿರುಗಿಸಿ ಬಳೆಯ ಧೂಳು ಒರೆಸುತ್ತಿದ್ದ. ಅವತ್ತೂ ಒತ್ತಿದ. ಗರ್ ಎಂದು ಸದ್ದಾಯಿತು, ಆಮೇಲೆ ಕಟ್ ಎಂದಿತು, ನಿಂತಿತು. ಸೀಳು ನೋಡುತ್ತಿದ್ದದ್ದು ಸುರಪುರದ ಕಡೆಗೆ. ನಕ್ಷತ್ರ ಬರಬೇಕಾದದ್ದು ಅದರ ಎದುರು ದಿಕ್ಕಿಗೆ.

ಆ ಮೆತ್ತಗಿನ ಮಾತಿನ ಮನುಷ್ಯ ಅಷ್ಟು ಜೋರಾಗಿ ಕೂಗಬಲ್ಲರು ಎಂದು ನಾನು ಎಣಿಸಿರಲಿಲ್ಲ. "ಗೊತ್ತಿಲ್ಲದವರು ಯಾಕೆ ಮುಟ್ತೀರಿ? ಇದೇನು ಕುರಿ ಹಟ್ಟಿನಾ?" ಎಂದುಬಿಟ್ಟರು. ಕಾವಲುಗಾರ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟ. ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ತರಬೇತಿ ಇಲ್ಲದ ಸ್ಥಳೀಯ ಸಿಬ್ಬಂದಿಯಿಂದ ಯಂತ್ರ ಕೆಟ್ಟಿದೆ ಎಂದು ಮೇಲಿನವರಿಗೆ ಮೇಲ್ ಬರೆದರು, ವಿಚಾರಣೆ ಮುಗಿಯುವವರೆಗೆ ಅವನು ಬರುವುದು ಬೇಡ ಎಂದರು.

"ಅವ ವರ್ಷಗಟ್ಟಲೆ ಒತ್ತಿದ ಗುಂಡೀನ ಒತ್ತ್ಯಾನ್ರಿ," ಎಂದೆ.

"ನಿಮಗೆ ತಾಂತ್ರಿಕ ವಿಷಯ ಅರ್ಥ ಆಗಲ್ಲ ಮೇಡಂ," ಎಂದರು.

ಮರುದಿನ ಅಡುಗೆಯಾಕೆ ಬಾಗಿಲ ಹೊರಗೇ ನಿಂತು ಕೀಲಿ ಗೊಂಚಲು ನನ್ನ ಕೈಗಿಟ್ಟಳು. "ನನ್ನ ಗಂಡನ ಕೈ ಕೆಟ್ಟದು ಅಂದ ಮ್ಯಾಲ ನನ್ನ ಕೈಯಾಗಿನ ರೊಟ್ಟಿ ಹೆಂಗ ಛಲೋ ಆಗ್ತಾವ್ರಿ? ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ," ಎಂದು ಇಳಿದು ಹೋದಳು. ಅವತ್ತಿನಿಂದ ಉಪ್ಪಿಟ್ಟು ನನ್ನ ಪಾಲಿಗೆ ಬಂತು. ನನ್ನ ಉಪ್ಪಿಟ್ಟಿನ ಬಗ್ಗೆ ಹಾಸ್ಟೆಲ್ಲಿನ ಹುಡುಗಿಯರು ತಹಸೀಲ್ದಾರರಿಗೆ ಅರ್ಜಿ ಕೊಟ್ಟದ್ದುಂಟು. ಮೂರು ಹೊತ್ತೂ ಅದನ್ನೇ ಮಾಡಿದೆ. ಬೇಕೆಂದೇ ಮಾಡಿದೆ.

ಗುಮ್ಮಟ ಕಟ್ಟಿದ ಕಂಪನಿಯವರು ಆರು ವಾರ ಬೇಕು ಎಂದರು. ಮೋಟಾರಿನ ಮುಚ್ಚಳ ತೆಗೆಯಕೂಡದು, ತೆಗೆದರೆ ಜವಾಬ್ದಾರಿ ನಮ್ಮದಲ್ಲ ಎಂದರು. ಹಿರಿಯರು ಆ ಉತ್ತರ ಓದಿ ಕೂತೇ ಇದ್ದರು. ಹುಡುಗಿ ಬಂದು ನನ್ನ ಕಿವಿಯಲ್ಲಿ, "ಮೇಡಂ, ನಿಮಗ ಯಾರರ ಗೊತ್ತದಾರೇನ್ರಿ?" ಎಂದಳು.

ನನಗೆ ಗೊತ್ತಿದ್ದ ಒಬ್ಬರೆಂದರೆ ಶಹಾಪುರದ ಚಾಚಾ. ಊರವರೆಲ್ಲ ಹಾಗೇ ಕರೆಯುತ್ತಿದ್ದರು. ಅಕ್ಕಿ ಗಿರಣಿ, ಬೇಳೆ ಗಿರಣಿ, ಹತ್ತಿ ಜಿನ್ನು, ಯಾವುದು ನಿಂತರೂ ಅವರಿಗೇ ಕರೆ. ಹಾಸ್ಟೆಲ್ಲಿನ ಹಿಟ್ಟಿನ ಗಿರಣಿಯನ್ನು ಅವರೇ ಮೂರು ಸಲ ಬದುಕಿಸಿದ್ದರು. ಮೂರನೆಯ ದಿನ ಬೆಳಿಗ್ಗೆ ಮೊಪೆಡ್ಡಿನ ಎರಡೂ ಕಡೆ ಸಾಮಾನಿನ ಚೀಲ ತೂಗಿಸಿಕೊಂಡು ಗುಡ್ಡ ಹತ್ತಿ ಬಂದರು. ಬಿಳಿ ಗಡ್ಡ, ಮಂಡಿಯವರೆಗೆ ಮಡಚಿದ ಪ್ಯಾಂಟು. ಗುಮ್ಮಟದೊಳಗೆ ಕತ್ತೆತ್ತಿ ಒಂದು ಸುತ್ತು ನೋಡಿದರು.

"ಇದರಾಗ ಏನ್ ಬೀಸ್ತೀರಿ?"

"ಏನೂ ಬೀಸಲ್ಲ. ಇದು ಸೂಕ್ಷ್ಮ ಉಪಕರಣ," ಎಂದರು ಹಿರಿಯರು.

"ಏನೂ ಬೀಸಂಗಿಲ್ಲಂದ್ರ ಯಾಕ ತಿರುಗಸ್ತೀರಿ? ಇರ್ಲಿ ಬಿಡ್ರಿ. ಜರಾ ಹೊರಗ ನಡ್ರಿ, ಬೆಳಕಿಗಿ ಅಡ್ಡ ನಿಂತೀರಿ."

ಹಿರಿಯರ ಮುಖ ಕೆಂಪಾಯಿತು. ನಮ್ಮ ಕಡೆ ಅದು ಮರ್ಯಾದೆಯ ಮಾತೇ ಎಂದು ನಾನು ಸಮಾಧಾನ ಹೇಳಬೇಕಾಯಿತು. ಕೊನೆಯಲ್ಲಿ 'ರಿ' ಇದೆಯಲ್ಲ ಎಂದೆ. ಅವರು ಒಂದು ಹೆಜ್ಜೆ ಸರಿದು ಬಾಗಿಲಲ್ಲೇ ನಿಂತರು.

ಚಾಚಾ ಮೋಟಾರಿನ ಮುಚ್ಚಳ ಬಿಚ್ಚಿ, ಮಗ್ಗುಲಾಗಿ ಮಲಗಿ, ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಆಮೇಲೆ ಇಕ್ಕಳ ತೂರಿಸಿ ಏನನ್ನೋ ಹಿಡಿದು ಎಳೆಯತೊಡಗಿದರು. ಗ್ರೀಸಿನಲ್ಲಿ ಕರ್ರಗಾದ ಒಂದು ದಾರ ಬಂತು. ಎಳೆದರು, ಇನ್ನೂ ಬಂತು. ಮತ್ತೂ ಎಳೆದರು. ಮೊಳದ ಮೇಲೆ ಮೊಳ ಬಂದು ಕೊನೆಗೆ ಒಂದು ಗಂಟಿನೊಂದಿಗೆ ಮುಗಿಯಿತು. ಗಂಟಿಗೆ ಒಂದಂಗುಲ ಪಟ್ಟೆಪಟ್ಟೆ ಬಟ್ಟೆಯೂ ಅಂಟಿತ್ತು. ಎದ್ದು ಕೂತು ಅದನ್ನು ಬೆಳಕಿಗೆ ಹಿಡಿದರು.

"ಮೇಡಂ, ಇದು ಮಷೀನಿನ ಸಾಮಾನಲ್ಲರಿ."

"ಮತ್ತೇನು?"

"ಲಾಡಿ."

ಚಾಚಾ ನಮಗೆ ತಿಳಿಯಲಿಲ್ಲವೇನೋ ಎಂದು ಬಿಡಿಸಿ ಹೇಳಿದರು. "ಪೈಜಾಮದ ಲಾಡಿರಿ. ಹಲ್ಲಿನ ಚಕ್ರದಾಗ ಸಿಕ್ಕು ಸುತ್ತಿಕೊಂಡಾದ. ಎಷ್ಟೋ ದಿನದಿಂದ ಸುತ್ತಾಕತ್ತಾದ. ನಾಕು ಹಲ್ಲು ಮುರದಾವ."

ನಾನು ಹಿರಿಯರ ಕಡೆ ನೋಡಿದೆ. ಅವರು ದೂರದರ್ಶಕವನ್ನು ಇದೇ ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಹದಿನೆಂಟು ವರ್ಷ ವಾರ್ಡನ್ ಆಗಿದ್ದವಳಿಗೆ ಅಷ್ಟು ಸಾಕು. ಹುಡುಗಿ ದುಪಟ್ಟಾವನ್ನು ಬಾಯಿಗೊತ್ತಿಕೊಂಡು ಹೊರಗೆ ಓಡಿದಳು. ಅವಳ ನಗು ಗುಡ್ಡದ ಅರ್ಧದವರೆಗೂ ಕೇಳಿಸಿತು.

"ಹೊರಗೆ ಹಾಕಿದ್ರೆ ಮಂಗ ಎತ್ಕೊಂಡ್ ಹೋಗ್ತವೆ," ಎಂದರು ಹಿರಿಯರು, ತುಂಬ ಸಣ್ಣ ದನಿಯಲ್ಲಿ. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ. ಮೋಟಾರ್ ಮೇಲಿನ ಕಂಬಿಗೆ... ಒಂದ್ಸಲ ಲಾಡಿ ಕಾಣೆಯಾಗಿತ್ತು. ಮಂಗನೇ ಅಂದ್ಕೊಂಡೆ."

ನನಗೆ ಹೇಳಲು ಎಷ್ಟೋ ಇತ್ತು. ಗೋಡೆಯ ಹಾಳೆಯತ್ತ ಬೆರಳು ತೋರಿಸಬಹುದಿತ್ತು. ಆದರೆ ಆ ಪೊರಕೆ ಇನ್ನೂ ಅಲ್ಲೇ ಗೋಡೆಗೆ ಒರಗಿತ್ತು. ಅದನ್ನು ನೋಡಿದ ಮೇಲೆ ಚೇಷ್ಟೆ ಮಾಡುವ ಮನಸ್ಸಾಗಲಿಲ್ಲ, ಸಿಟ್ಟು ಬಂತು. "ಮೇಲ್ ಬರ್ದಿದ್ರಲ್ಲ ಸರ್, ಅದನ್ನ ಯಾವಾಗ ತಿದ್ದತೀರಿ?" ಎಂದು ಕೇಳಿದೆ. ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಚಾಚಾ ಹೇಳಿದ ಪ್ರಕಾರ ಹಲ್ಲಿನ ಚಕ್ರ ಹೊಸದೇ ಆಗಬೇಕು. ಕಡೇಚೂರಿನ ಕಾರ್ಖಾನೆ ಕಡೆ ಅವರ ಅಳಿಯ ಲೇಥ್ ಮೇಲೆ ಕೆಲಸ ಮಾಡುತ್ತಾನೆ, ಅವನ ಕೈಯಲ್ಲಿ ಮಾಡಿಸಬಹುದು, ಆದರೆ ಎರಡು ವಾರ ಬೇಕು. ನಮಗಿದ್ದದ್ದು ಐದು ದಿನ.

"ಹಂಗಿದ್ರ ಮೋಟಾರು ಬಾಜೂಕ ಸರಸ್ತೀನಿ. ಗಾಲಿಗಳಿಗೆಲ್ಲ ಎಣ್ಣಿ ಬಿಡ್ತೀನಿ. ಮಂದಿ ದೂಡ್ಲಿ," ಎಂದರು ಚಾಚಾ. "ಗಟ್ಟಿ ಆಳು ಆರು ಮಂದಿ ಬೇಕು ನೋಡ್ರಿ. ಕುರಿ ಕಾಯೋರು ಛಲೋ. ನಿಂತು ಕಾಯೂದು ಅವರಿಗಿ ರೂಢಿ."

ಬೆಳಿಗ್ಗೆ ಹಿರಿಯರು ತಾವಾಗಿಯೇ ಮೊಬೈಲನ್ನು ನನ್ನ ಮುಂದೆ ಹಿಡಿದರು. ಮೇಲಿನವರಿಗೆ ಹೊಸ ಮೇಲ್ ಹೋಗಿತ್ತು. ಎರಡೇ ಸಾಲು. ಹಿಂದೆ ಬರೆದದ್ದು ತಪ್ಪು, ಕಾವಲುಗಾರನದು ಏನೂ ತಪ್ಪಿಲ್ಲ, ಯಂತ್ರ ಕೆಟ್ಟದ್ದು ಹಿರಿಯ ವಿಜ್ಞಾನಿಯ ಪೈಜಾಮದಿಂದ. "ಪೈಜಾಮ ಅಂತಾನೇ ಬರೆದಿದ್ದೀನಿ," ಎಂದರು. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಅವತ್ತು ಮೊದಲ ಸಲ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು. ಉಪ್ಪಿಟ್ಟಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದೆ.

ಇಬ್ಬರೂ ನಡೆದು ಗುಡ್ಡ ಇಳಿದೆವು. ಕಾವಲುಗಾರನ ಮನೆ ಮುಂದೆ ಕುರಿಗಳು ಮೇಯಲು ಹೊರಟು ನಿಂತಿದ್ದವು. ಅವನ ತಾಯಿ ಕಟ್ಟೆಯ ಮೇಲೆ ಕೂತಿದ್ದಳು. ಹಿರಿಯರು ಚಪ್ಪಲಿ ಬಿಟ್ಟು ನಿಂತು, ಕಾವಲುಗಾರನಿಗೆ ಕೈ ಮುಗಿದು, "ತಪ್ಪು ನಂದು. ಸುಮ್ಮನೆ ನಿಮ್ಮ ಮೇಲೆ ಹಾಕ್ದೆ. ಕುರಿ ಹಟ್ಟಿ ಅಂತಾನೂ ಅಂದೆ," ಎಂದರು. ಕಾವಲುಗಾರ ಏನು ಮಾಡಬೇಕೋ ತಿಳಿಯದೆ ಕೈಯಲ್ಲಿದ್ದ ಕೋಲನ್ನು ಹೆಂಡತಿಗೆ ಕೊಟ್ಟ. ಅವಳು ಅದನ್ನು ಹಿಡಿದುಕೊಂಡು ಹಿರಿಯರನ್ನು ನೋಡಿದ ರೀತಿಗೆ ನಾನು ಅವರ ಮುಂದೆ ಅರ್ಧ ಹೆಜ್ಜೆ ಅಡ್ಡ ನಿಂತೆ.

"ಏನ್ ಮಾಡ್ಯಾನ ಆ ಸಾಹೇಬ?" ಎಂದು ತಾಯಿ ಸೊಸೆಯನ್ನು ಕೇಳಿದಳು. ಮುದುಕಿಗೆ ಕಿವಿ ಸ್ವಲ್ಪ ಮಂದ. ಸೊಸೆ ಇಡೀ ಓಣಿಗೆ ಕೇಳಿಸುವ ಹಾಗೆ ಹೇಳಿದಳು. "ಅವನ ಲಾಡಿ ಮಷೀನಿನಾಗ ಸಿಕ್ಕಿತ್ತಂತ ಯತ್ತಿ! ನಿನ್ನ ಮಗನ ಮ್ಯಾಲ ಹಾಕಿದ್ದ!"

ಮುದುಕಿ ಹಿರಿಯರನ್ನು ಮೇಲಿನಿಂದ ಕೆಳಗೆ ನೋಡಿದಳು. "ರಬ್ಬರ್ ಹಾಕಿಸ್ಕೋಬಾರದೇನೋ ಯಪ್ಪಾ," ಎಂದಳು. "ಲಾಡಿ ಯಾರು ಹಾಕ್ತಾರ ಈಗ?" ಆಮೇಲೆ ಮಜ್ಜಿಗೆ ತರಲು ಹೇಳಿದಳು.

ಹಿರಿಯರು ಮೊದಲು ನಕ್ಕರು. ಅವರು ನಕ್ಕ ಮೇಲೆ ಕಾವಲುಗಾರ ನಕ್ಕ. ಮಜ್ಜಿಗೆ ಕುಡಿದು ಲೋಟ ಇಟ್ಟ ಮೇಲೆಯೇ ನಾನು ಆರು ಗಟ್ಟಿ ಆಳುಗಳ ವಿಷಯ ತೆಗೆದೆ. ಅಡುಗೆಯಾಕೆ ಕಣ್ಣು ಸಣ್ಣ ಮಾಡಿ, "ಅದಕ್ಕೇನ್ರಿ ಕೈ ಮುಗದದ್ದು?" ಎಂದಳು. ಇಲ್ಲ ಎಂದು ಹೇಳುವಂತಿರಲಿಲ್ಲ, ಹೌದು ಎನ್ನುವುದೂ ಪೂರ್ತಿ ನಿಜವಲ್ಲ. "ಎರಡಕ್ಕೂ," ಎಂದೆ. ಅವಳಿಗೆ ಆ ಉತ್ತರ ಒಪ್ಪಿಗೆಯಾಯಿತು. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ ಸಿಕ್ಕಿತು. ಕಾವಲುಗಾರ ತನ್ನ ತಮ್ಮಂದಿರು, ಸೋದರಮಾವ, ಇನ್ನಿಬ್ಬರನ್ನು ಕರೆತಂದ.

ಅಭ್ಯಾಸ ಶುರುವಾಯಿತು. ಹಿರಿಯರು, "ಹತ್ತು ಡಿಗ್ರಿ ಪ್ರದಕ್ಷಿಣವಾಗಿ," ಎನ್ನುವರು. ಮೂವರು ಆ ಕಡೆ ದೂಡುವರು, ಮೂವರು ಈ ಕಡೆ. ಗುಮ್ಮಟ ಅಲ್ಲೇ ನರಳುತ್ತ ನಿಲ್ಲುವುದು. ಅರ್ಧ ಗಂಟೆ ನೋಡಿ ಚಾಚಾ ಸುಣ್ಣದ ಕಡ್ಡಿ ತೆಗೆದುಕೊಂಡು ಗೋಡೆಯ ಮೇಲೆ ನಾಲ್ಕು ಗುರುತು ಹಾಕಿದರು. ಒಂದು ಶಹಾಪುರ, ಒಂದು ಸುರಪುರ, ಒಂದು ಕೃಷ್ಣಾ ಹೊಳೆ, ಇನ್ನೊಂದು ಸೋದರಮಾವನ ಹೊಲ. ಅಲ್ಲಿಂದ ಮುಂದೆ ಹಿರಿಯರು ಕಂಪ್ಯೂಟರ್ ನೋಡುತ್ತ, "ಇನ್ನೊಂದು ಗೇಣು ಶಹಾಪುರ ಕಡೆ. ಸಾಕು. ಅಯ್ಯೋ, ಹೆಚ್ಚಾಯ್ತು, ಒಂದು ಬೆರಳು ಮಾವನ ಹೊಲಕ್ಕೆ," ಎನ್ನುವುದನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ.

ನೆರಳಿನ ಪಟ್ಟಿ ಎಲ್ಲಿ ಹಾಯುತ್ತದೆ ಎಂಬ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು ಎಂದು ಹುಡುಗಿಯನ್ನು ಸಣ್ಣ ದೂರದರ್ಶಕದೊಂದಿಗೆ ಗುರುಮಠಕಲ್‌ಗೆ ಕಳಿಸಿದರು. ಅವಳ ಮನೆ ಮಾಳಿಗೆಯೇ ಅಲ್ಲಿನ ವೀಕ್ಷಣಾಲಯ. ಬಸ್ಸಿನಲ್ಲಿ ದೂರದರ್ಶಕವನ್ನು ತೊಡೆಯ ಮೇಲಿಟ್ಟುಕೊಂಡು ಹೋದಳಂತೆ. ಪಕ್ಕದ ಹೆಂಗಸು ಮಗು ಎಷ್ಟು ತಿಂಗಳದು ಎಂದು ಕೇಳಿದಳಂತೆ.

ಆ ಸಂಜೆ ಆಕಾಶ ಒರೆಸಿಟ್ಟ ಹಾಗಿತ್ತು. ಸರಿಯಾಗಿ ಏಳಕ್ಕೆ ಆರು ಜನ ಹೆಗಲು ಕೊಟ್ಟರು. ಗುಮ್ಮಟ ಸದ್ದಿಲ್ಲದೆ ತಿರುಗಿ ಶಹಾಪುರದಿಂದ ಮೂರು ಗೇಣು ಈಚೆ ನಿಂತಿತು. ಪರದೆಯ ಮೇಲೆ ನಕ್ಷತ್ರ ಬಂತು. ಸುಮ್ಮನೆ ಒಂದು ಬಿಳಿ ಚುಕ್ಕಿ. ಚಾಚಾ, ಅಡುಗೆಯಾಕೆ, ನಾನು ಹಿಂದೆ ನಿಂತೆವು. ಹಿರಿಯರು ಗಡಿಯಾರ ಓದುತ್ತಿದ್ದರು. ಮೂವತ್ತೆಂಟು. ಮೂವತ್ತೊಂಬತ್ತು. ಮೆಣಸಿನಕಾಯಿಯ ಸಲುವಾಗಿಯಷ್ಟೇ ಆಕಾಶ ನೋಡುತ್ತಿದ್ದವಳು ಆ ಚುಕ್ಕಿಗೆ ಮನಸ್ಸಿನಲ್ಲೇ, 'ಹೋಗು ತಾಯಿ, ಎರಡೇ ಸೆಕೆಂಡು ಹೋಗಿ ಬಾ,' ಎಂದು ಗೋಗರೆಯುತ್ತಿದ್ದೆ.

ನಲವತ್ತು. ನಲವತ್ತೊಂದು. ನಲವತ್ತೆರಡು.

ಚುಕ್ಕಿ ಹೋಗಲಿಲ್ಲ. ಮಿಟುಕಲೂ ಇಲ್ಲ.

ನಲವತ್ತೈದಕ್ಕೆ ಹಿರಿಯರು ಕುರ್ಚಿಗೆ ಒರಗಿದರು. ನಾನು ಅವರಿಗೆ ಏನು ಹೇಳಲಿ ಎಂದು ಹುಡುಕುತ್ತಿದ್ದೆ. ಅವರು ತಿರುಗಿ, "ಚೆನ್ನಾಗಿ ಬಂತು," ಎಂದರು.

"ಏನ್ ಬಂತ್ರಿ?" ಎಂದರು ಚಾಚಾ. "ಏನೂ ಆಗ್ಲಿಲ್ಲಲ್ಲ?"

"ಏನೂ ಆಗಲಿಲ್ಲ ಅನ್ನೋದೇ ಬಂತು. ನೆರಳು ಇಲ್ಲಿ ಬೀಳಲಿಲ್ಲ ಅಂತ ಗಟ್ಟಿಯಾಗಿ ಹೇಳಬಹುದು."

ಚಾಚಾ ಗಡ್ಡ ಕೆರೆದುಕೊಂಡರು. "ಅಲ್ಲಾ! ನಲವತ್ತು ವರ್ಷ ಗಿರಣಿ ದುರಸ್ತಿ ಮಾಡೀನ್ರಿ. ಹಿಟ್ಟು ಬೀಳಲಿಲ್ಲಂತ ಖುಷಿ ಪಟ್ಟ ಗಿರಾಕಿನ್ನ ಇವತ್ತ ನೋಡಾಕತ್ತೀನಿ."

ಅಷ್ಟರಲ್ಲಿ ನನ್ನ ಫೋನು ಬಡಿಯಿತು. ಗುರುಮಠಕಲ್. ಹುಡುಗಿ ಕಿರುಚುತ್ತಿದ್ದಳು. "ಮೇಡಂ, ಹೋತ್ರಿ! ಪಟ್ ಅಂತ ಹೋತು, ಎರಡು ಸೆಕೆಂಡು, ಮತ್ತ ಬಂತು! ಸರ್‌ಗೆ ಹೇಳ್ರಿ!" ಅವಳ ಹಿಂದೆ ಮಾಳಿಗೆ ತುಂಬ ಜನ; ಅವಳ ಅಜ್ಜಿ ತೆಲುಗಿನಲ್ಲಿ "ಪೋಯಿಂದಿ, ಪೋಯಿಂದಿ!", ಹೋಯಿತು ಹೋಯಿತು, ಎಂದು ಕೂಗುವುದು ಕೇಳುತ್ತಿತ್ತು. ಯಾರೋ ತೀರಿಕೊಂಡರೆಂದು ಪಕ್ಕದ ಮನೆಯವರು ಓಡಿಬಂದರಂತೆ.

ಹಿರಿಯರು ಫೋನು ಕಸಿದುಕೊಂಡು ನಿಂತಲ್ಲೇ ಸುತ್ತತೊಡಗಿದರು. ಮಾತು ಮುಗಿದ ಮೇಲೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಎಲ್ಲರಿಗೂ ವಿವರಿಸಿದರು. ಅಲ್ಲಿ ಬಿತ್ತು, ಇಲ್ಲಿ ಬೀಳಲಿಲ್ಲ. ಹಾಗಾದರೆ ಬಂಡೆಯ ಅಂಚು ಈ ಎರಡರ ನಡುವೆ ಎಲ್ಲೋ ಇದೆ. ಕಾವಲುಗಾರ ಆ ಗೆರೆಯನ್ನು ಬಗ್ಗಿ ನೋಡಿದ. "ಅಂದ್ರ ಅದರ ಬಾಂದಿನ ಕಲ್ಲು ಸಿಕ್ಕಂಗಾತಲ್ರಿ," ಎಂದ. ಹೊಲದ ಗಡಿಗೆ ಹುಗಿದ ಕಲ್ಲಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹಿರಿಯರು ಅವನನ್ನೇ ನೋಡಿ, "ಅಷ್ಟೇ ಕಣಪ್ಪ. ಅಷ್ಟೇ," ಎಂದರು.

ಅಡುಗೆಯಾಕೆ ಮಾತ್ರ ಸಮಾಧಾನ ಹೊಂದಲಿಲ್ಲ. ನಕ್ಷತ್ರ ಹೋಗುವುದಿದ್ದರೆ ಇಷ್ಟು ಜನ ಹೆಗಲು ಕೊಟ್ಟಲ್ಲಿ ಹೋಗಬೇಕಿತ್ತು, ಒಬ್ಬಳೇ ಹುಡುಗಿ ಬಸ್ಸಿನಲ್ಲಿ ಹೋದಲ್ಲಿ ಹೋದದ್ದು ನ್ಯಾಯವಲ್ಲ ಎಂದು ಬಡಿಸುವಾಗಲೆಲ್ಲ ಹೇಳಿದಳು. ದೂಡಿದ ಆರು ಜನವೂ ಹೌದು ಎಂದರು. ಹಿರಿಯರು ಬಂಡೆಯ ಪರವಾಗಿ ವಾದ ಮಾಡಲು ನೋಡಿದರು. "ನೀವು ಸುಮ್ಮ ಉಣ್ರಿ," ಎಂದು ಅವಳು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.